ಗ್ಯಾಲರಿ ಲಫಾಯೆತ್: ಎಲ್ಲವೂ ಆ ಮೂಲೆಯ ಮಹಿಮೆ

ಅಲ್ಸಾಸ್ ಪ್ರಾಂತ್ಯದಿಂದ ಬಂದ ತೆಯೊಫಿಲ್ ಬಾದೇರ್ ಮತ್ತು ಆತನ ಸಂಬಂಧಿ ಅಲ್ಫೋನ್ಸ್ ಕಾನ್ 1890ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ತೆರೆದ ಗ್ಯಾಲರಿ ಲಫಾಯೆತ್ ಇಂದು ಹೆಸರಾಂತ ಬಹುಮಹಡಿ ಮಳಿಗೆ; ಆಗ ಅದು ಬರೀ 70 ಚದರ ಮೀಟರಿನ ಅಂಗಡಿ. ಆದರೆ ಜಾಗ ಹಿಡಿದದ್ದು ಲೆಕ್ಕ ಹಾಕಿಯೇ. ಲಫಾಯೆತ್ ರಸ್ತೆ ಮತ್ತು ಶೋಸೆ ದಾಂತ್ಯಾ ರಸ್ತೆ ಕೂಡುವ ಮೂಲೆ ಅದು. ಹತ್ತಿರದಲ್ಲೇ ಒಪೆರಾ ರಂಗಮಂದಿರ, ಸ್ವಲ್ಪ ಆಚೆ ಸ್ಯಾಂ ಲಜಾರ್ ರೈಲು ನಿಲ್ದಾಣ. ಕೊಳ್ಳುವವರನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ, ರೈಲೇ ತಂದು ಇಳಿಸುತ್ತಿತ್ತು. 1865ರಲ್ಲಿ ಶುರುವಾದ ಪ್ರತಿಸ್ಪರ್ಧಿ ಮಳಿಗೆ ಪ್ರ್ಯಾಂತಾಂ ಕೂಡ ಅಲ್ಲೇ ನೆಲೆಯೂರಿದ್ದಕ್ಕೆ ಕಾರಣ ಬೇರೇನಲ್ಲ.

ಬಾದೇರ್‌ನ ವ್ಯಾಪಾರದ ಗುಟ್ಟು ತುಸು ಕಿಲಾಡಿಯದು. ಕುದುರೆ ರೇಸಿಗೂ ಒಪೆರಾಕ್ಕೂ ವಿನ್ಯಾಸಕಾರರನ್ನು ಕರೆದೊಯ್ದು, ಸಿರಿವಂತ ಹೆಂಗಸರ ಉಡುಪಿನ ನಕಲು ಮಾಡಿಸುತ್ತಿದ್ದ. ಸಣ್ಣಪುಟ್ಟ ಬದಲಾವಣೆಯೊಂದಿಗೆ ಅದೇ ಉಡುಪು ಕಡಿಮೆ ಬೆಲೆಗೆ, ಬೇಗನೆ ಅಂಗಡಿಗೆ ಬರುತ್ತಿತ್ತು. ಇಂದಿನ ಫಾಸ್ಟ್ ಫ್ಯಾಷನ್ನಿನವರು ಹೊಸದೇನನ್ನೂ ಕಂಡುಹಿಡಿದಿಲ್ಲ ಬಿಡಿ.

1896ರಲ್ಲಿ ಇಡೀ ಕಟ್ಟಡ, 1905ರ ಹೊತ್ತಿಗೆ ಓಸ್ಮಾನ್ ಬುಲ್ವಾರ್ ಎಂಬ ಹೆದ್ದಾರಿಬೀದಿಯ ಪಕ್ಕದ ಕಟ್ಟಡಗಳು ಕೈಗೆ ಬಂದವು. ವಾಸ್ತುಶಿಲ್ಪಿ ಫರ್ಡಿನಾಂಡ್ ಶಾನ್ಯು ವಿನ್ಯಾಸಗೊಳಿಸಿದ, ನೆಲದಿಂದ 43 ಮೀಟರ್ ಎತ್ತರದ ಗುಮ್ಮಟದ ಸಭಾಂಗಣ 1912ರಲ್ಲಿ ತೆರೆಯಿತು. ಬಣ್ಣದ ಗಾಜು ಜಾಕ್ ಗ್ರ್ಯೂಬರ್‌ನದು, ಮೆಟ್ಟಿಲಿನ ಕಟಕಟೆ ಲೂಯಿ ಮಜೊರೆಲ್‌ನದು. ಗುಮ್ಮಟದಿಂದ ಇಳಿಯುವ ಬೆಳಕು ನಡುವಿನ ಅಂಗಳಕ್ಕೆ ಬೀಳುತ್ತದೆ. ಸುತ್ತಲಿನ ಮಹಡಿಗಳೆಲ್ಲ ಅದರತ್ತ ತೆರೆದಿರುವುದರಿಂದ ಒಂದೆಡೆ ನಿಂತವರಿಗೆ ಉಳಿದ ಮಹಡಿಗಳ ಸರಕೂ ಕಾಣುತ್ತದೆ. ಆ ಭವ್ಯ ಮೆಟ್ಟಿಲನ್ನು 1974ರಲ್ಲಿ ಕಿತ್ತುಹಾಕಿದ್ದು ಮಾತ್ರ ಶುದ್ಧ ಅವಿವೇಕ.

ಪ್ರಚಾರಕ್ಕೂ ಕೊರತೆಯಿರಲಿಲ್ಲ. ಮಳಿಗೆಯ ಚಾವಣಿಯ ಮೇಲೆ ವಿಮಾನ ಇಳಿಸಿದವರಿಗೆ 25,000 ಫ್ರಾಂಕ್ ಬಹುಮಾನವಿತ್ತು. 1919ರ ಜನವರಿಯಲ್ಲಿ ವಿಮಾನ ಚಾಲಕ ಜ್ಯೂಲ್ ವೆದ್ರಿನ್ ಇಳಿಸಿಯೇಬಿಟ್ಟ. ವಿಮಾನ ಜಖಂಗೊಂಡಿತು, ಬಹುಮಾನ ಸಿಕ್ಕಿತು.

1932ರಲ್ಲಿ ಅಗ್ಗದ ಸರಕಿಗೆಂದೇ ಮೊನೊಪ್ರಿ ಎಂಬ ಅಂಗಡಿ ಸರಪಣಿ ಹುಟ್ಟಿತು, ಮೊದಲ ಅಂಗಡಿ ರುಆಂ ನಗರದಲ್ಲಿ. ನಾಜಿ ಆಕ್ರಮಣದ ಕಾಲದಲ್ಲಿ ಬಾದೇರ್‌ನ ಯಹೂದಿ ಕುಟುಂಬದ ಕೈಯಿಂದ ಮಳಿಗೆಯನ್ನು ಕಿತ್ತುಕೊಳ್ಳಲಾಯಿತು. ಬಾದೇರ್ 1942ರಲ್ಲಿ ತೀರಿಕೊಂಡ. ಅಳಿಯ ಮ್ಯಾಕ್ಸ್ ಹೈಲ್‌ಬ್ರಾನ್ ಬುಖೆನ್‌ವಾಲ್ಡ್ ಎಂಬ ನಾಜಿ ಸೆರೆಶಿಬಿರದ ಪಾಲಾಗಿ, ಬದುಕಿ ಮರಳಿದ. ಯುದ್ಧಾನಂತರ ಮಳಿಗೆ ಮತ್ತೆ ಕುಟುಂಬಕ್ಕೇ ಸೇರಿತು.

1991ರಲ್ಲಿ ನೂವೆಲ್ ಗ್ಯಾಲರಿ ಸರಪಣಿಯನ್ನು ಕೊಂಡದ್ದರಿಂದ ಫ್ರಾನ್ಸಿನ ಊರೂರಿಗೂ ಹಬ್ಬಿತು. ಹೊರದೇಶದಲ್ಲಿ ಮಾತ್ರ ಲೆಕ್ಕ ತಪ್ಪಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ತೆರೆದದ್ದು 1994ರಲ್ಲೇ ಮುಚ್ಚಿತು: ಹೆಸರಾಂತ ಫ್ರೆಂಚ್ ಬ್ರಾಂಡ್‌ಗಳು ಆಗಲೇ ಅಲ್ಲಿನ ಬೇರೆ ಮಳಿಗೆಗಳಲ್ಲಿದ್ದವು. ಬರ್ಲಿನ್ನಿನಲ್ಲಿ ವಾಸ್ತುಶಿಲ್ಪಿ ಜಾನ್ ನೂವೆಲ್ ಗಾಜಿನ ಶಂಕುಗಳನ್ನಿಟ್ಟು ಕಟ್ಟಿದ ಮಳಿಗೆ 1996ರಿಂದ 2024ರವರೆಗೆ ನಡೆದು ಬಾಗಿಲು ಹಾಕಿತು.