ಮಾಲಿ ಹಂಟರ್ ಕಟ್ಟಿದ ಕೋಟೆ

ಸ್ಕಾಟ್‌ಲೆಂಡಿನ ಮಕ್ಕಳ ಕಾದಂಬರಿಕಾರ್ತಿ ಮಾಲಿ ಹಂಟರ್ (1922–2012) ಅವರ ಬಗ್ಗೆ ಇತ್ತೀಚೆಗೆ ಮತ್ತೆ ಮತ್ತೆ ಯೋಚಿಸುತ್ತಿದ್ದೇನೆ. ಎಡಿನ್‌ಬರೋ ಸಮೀಪದ ಲಾಂಗ್‌ನಿಡ್ರಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, 14ನೇ ವಯಸ್ಸಿಗೆ ಶಾಲೆ ಬಿಟ್ಟು ಹೂವಿನ ಅಂಗಡಿಯಲ್ಲಿ ದುಡಿದ ಈಕೆ, ತಮ್ಮ ನಾಡಿನ ಇತಿಹಾಸವನ್ನೂ ಜಾನಪದವನ್ನೂ ಸ್ವಂತ ಓದಿನಿಂದಲೇ ದಕ್ಕಿಸಿಕೊಂಡರು. ಮೊದಲ ಪುಸ್ತಕ ಬಂದದ್ದು 1963ರಲ್ಲಿ, ಅಂದರೆ ನಲವತ್ತರ ಹರೆಯ ದಾಟಿದ ಮೇಲೆ.

ಅವರಿಗೆ 1974ರ ಕಾರ್ನೆಗಿ ಪದಕ (ಮಕ್ಕಳ ಸಾಹಿತ್ಯಕ್ಕೆ ಬ್ರಿಟನ್ನಿನಲ್ಲಿ ಕೊಡುವ ಪ್ರಶಸ್ತಿ) ತಂದುಕೊಟ್ಟ ‘ದಿ ಸ್ಟ್ರಾಂಗ್‌ಹೋಲ್ಡ್’ (ಕೋಟೆ) ನನಗೆ ಹೆಚ್ಚು ಹಿಡಿಸಿದ ಕೃತಿ. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ‘ಬ್ರಾಕ್’ ಎಂಬ ದುಂಡನೆಯ ಕಲ್ಲುಗೋಪುರಗಳಿವೆ; ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಜೋಡಿ ಗೋಡೆ, ಆ ಗೋಡೆಗಳ ನಡುವೆ ಸುತ್ತಿಕೊಂಡು ಮೇಲೇರುವ ಮೆಟ್ಟಿಲು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಈ ವಿನ್ಯಾಸ ಯಾರ ತಲೆಯಲ್ಲಿ ಹೊಳೆಯಿತು ಎಂಬುದಕ್ಕೆ ದಾಖಲೆಯೇ ಇಲ್ಲ. ಹಂಟರ್ ಆ ಖಾಲಿ ಜಾಗದಲ್ಲಿ ಕೋಲ್ ಎಂಬ ಕುಂಟ ಹುಡುಗನನ್ನು ನಿಲ್ಲಿಸಿ, ರೋಮನ್ನರ ದಾಳಿಯಿಂದ ತನ್ನ ಜನರನ್ನು ಕಾಯುವ ಉಪಾಯವನ್ನು ಅವನ ಕೈಗೆ ಕೊಟ್ಟರು.

ಮರುವರ್ಷವೇ ಬಂದ ‘ಎ ಸ್ಟ್ರೇಂಜರ್ ಕೇಮ್ ಅಶೋರ್’ ಶೆಟ್‌ಲೆಂಡ್ ದ್ವೀಪಗಳ ಸೀಲ್-ಮನುಷ್ಯರ, ಅಂದರೆ ಮನುಷ್ಯರೂಪ ತಾಳುವ ಸೀಲ್ ಎಂಬ ಕಡಲಪ್ರಾಣಿಗಳ, ಐತಿಹ್ಯವನ್ನು ಆಧರಿಸಿದ್ದು. ಇದನ್ನು ಫ್ಯಾಂಟಸಿ ಎಂದೂ ಅದನ್ನು ಇತಿಹಾಸ ಎಂದೂ ಬೇರೆ ಬೇರೆ ಕಪಾಟಿನಲ್ಲಿಡುವುದು ವಾಡಿಕೆಯಾದರೂ, ಎರಡರಲ್ಲಿಯೂ ದೊಡ್ಡವರು ಕಾಣದ್ದನ್ನು ಕಾಣುವವನು ಒಬ್ಬ ಹುಡುಗನೇ.