ಕಾಳಿ ದಂಡೆಗೆ ಇಳಿಯುವ ಮುನ್ನ
ಕಾರವಾರದ ಕೋಡಿಬಾಗದ ಕಡೆ ಕಾಳಿ ನದಿ ದಂಡೆಯಲ್ಲಿ ಕಸ ಹೆಕ್ಕಲು ಬರುವವರು ಮೊದಲು ಭರತಿ-ಇಳಿತದ ವೇಳೆ ನೋಡಿಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೋದ ಭಾನುವಾರ ಇಳಿತವಿದ್ದ ಹೊತ್ತಿಗೆ ಈ ಭಾನುವಾರ ಭರತಿ. ನೀರು ಪೂರ್ತಿ ಇಳಿಯುವ ಎರಡು ತಾಸು ಮೊದಲೇ ಶುರು ಮಾಡಿ.

ಕಾಂಡ್ಲಾ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಬೇರಿಗೆ ಸಿಕ್ಕ ಬಲೆಯನ್ನು ದಯವಿಟ್ಟು ಎಳೆಯಬೇಡಿ. ಕತ್ತರಿಯಿಂದ ತುಂಡು ತುಂಡಾಗಿ ಬಿಡಿಸಿ. ಕೆಸರಿನಿಂದ ಮೊಳೆಯಂತೆ ಮೇಲೆದ್ದ ಬೇರುಗಳಿಂದಲೇ ಆ ಗಿಡ ಉಸಿರಾಡುವುದು.

ಅಕ್ಕಿ ಚೀಲ ತನ್ನಿ, ಅರ್ಧ ಮಾತ್ರ ತುಂಬಿ. ಕೆಸರು ಮೆತ್ತಿದ ಪ್ಲಾಸ್ಟಿಕ್ ಬಹಳ ಭಾರ. ಗಾಜಿನ ಚೂರಿಗೆ ಬೇರೆ ಬಕೆಟ್. ನದಿ ತಂದ ಕಸ ಎನ್ನುತ್ತೇವೆ. ಸಿಗುವುದು ಹಾಲಿನ ಪ್ಯಾಕೆಟ್, ಶಾಂಪೂ ಪೊಟ್ಟಣ, ನಮ್ಮ ಮನೆಗಳದ್ದೇ.

ಕಸದ ಗಾಡಿಗೆ ಮೊದಲೇ ಹೇಳಿಡಿ. ದಂಡೆಯಲ್ಲಿ ಬಿಟ್ಟ ಚೀಲವನ್ನು ಮುಂದಿನ ಭರತಿ ಮತ್ತೆ ನೀರಿಗೆ ಎಳೆದೊಯ್ಯುತ್ತದೆ.