13 ಅಂಕಿಯ ಕಾಲಂ

ಒಂದು ಪುಸ್ತಕ ತರಿಸಿ ಅಂತ ಇವತ್ತು ಯೂನಿವರ್ಸಿಟಿ ಲೈಬ್ರರಿಗೆ ಅರ್ಜಿ ಕೊಟ್ಟು ಬಂದೆ. ಲೇಖಕರು, ಪ್ರಕಾಶಕರು, ಬೆಲೆ ಎಲ್ಲ ಸಲೀಸಾಗಿ ತುಂಬಿದೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕಾಲಂ ಬಂದಾಗ ಪೆನ್ನು ನಿಂತಿತು. 2007ಕ್ಕೆ ಮುಂಚೆ 10 ಅಂಕಿ ಇತ್ತು, ಆಮೇಲೆ 13. ನಾನು ಕೇಳಿದ ಪುಸ್ತಕಕ್ಕೆ ಎರಡೂ ಇಲ್ಲ! ಹಗಲು ಹೋಟೆಲಿನಲ್ಲಿ ದುಡಿದು ಮುಂಬೈಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರೊಬ್ಬರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ನೆನಪುಗಳು ಅವು.

"ನಂಬರ್ ಇಲ್ಲದೆ ಆರ್ಡರ್ ಹಾಕೋದು ಹೇಗೆ?" ಕೌಂಟರಿನವರು ಮರಾಠಿಯಲ್ಲಿ ಕೇಳಿದರು. ಪಾಪ, ಅವರದೂ ತಪ್ಪಲ್ಲ. ಅರ್ಜಿಯ ಹಿಂಬದಿಗೆ ಬರೆದೆ: "ಲೇಖಕರ ಮನೆಯಲ್ಲಿ ಸಿಗುತ್ತದೆ. ಬಿಲ್ ಸಮೇತ ನಾನೇ ತಂದುಕೊಡುತ್ತೇನೆ."

ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತು ಅದೇ ಯೋಚನೆ. ಇಂಥವು ಇನ್ನೆಷ್ಟು ಯಾರ್ಯಾರ ಕಪಾಟಿನಲ್ಲಿ ಸುಮ್ನೆ ಕೂತಿವೆಯೋ. ನಿಮ್ಮ ಮನೆಯಲ್ಲೂ ಒಂದು ಇರಬೇಕು, ಅಲ್ವಾ?